ಸರಿಹೊಂದುವ ಉತ್ತರವೆಲ್ಲ ಸತ್ಯವೇ?



ಈ ತಿಂಗಳು ನಿಮ್ಮನ್ನು ಒಂದು ಸಣ್ಣ ಪ್ರಯೋಗಕ್ಕೆ ಆಹ್ವಾನಿಸುತ್ತಿದ್ದೇನೆ. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ, ಖರ್ಚೂ ಇಲ್ಲ. ಅಡುಗೆಮನೆಯಿಂದ ಅಂಚುಳ್ಳ ಒಂದು ತಟ್ಟೆ, ಒಂದು ಗಾಜಿನ ಲೋಟ, ಒಂದು ಚೊಂಬು ನೀರು ತನ್ನಿ. ಕರೆಂಟು ಹೋದಾಗ ಹಚ್ಚಲೆಂದು ಎತ್ತಿಟ್ಟ ಮೇಣದಬತ್ತಿಯ ತುಂಡೊಂದು ಮನೆಯಲ್ಲಿ ಹೇಗೂ ಇರುತ್ತದೆ. ಕರಗಿದ ಮೇಣದ ಹನಿಯಿಂದ ಅದನ್ನು ತಟ್ಟೆಯ ನಡುವೆ ನೆಟ್ಟಗೆ ನಿಲ್ಲಿಸಿ. ಸುತ್ತ ಒಂದು ಬೆರಳಿನ ದಪ್ಪದಷ್ಟು ನೀರು ಸುರಿಯಿರಿ. ಚಿಟಿಕೆ ಅರಿಶಿನ ಬೆರೆಸಿದರೆ ನೀರಿನ ಮಟ್ಟ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಮಕ್ಕಳನ್ನು ಹತ್ತಿರ ಕರೆಯಿರಿ. ಬೆಂಕಿಯ ಕೆಲಸವಾದ್ದರಿಂದ ದೊಡ್ಡವರೊಬ್ಬರು ಜೊತೆಗಿರಲಿ. ಈಗ ಬತ್ತಿ ಹಚ್ಚಿ, ಅದು ಚೆನ್ನಾಗಿ ಉರಿಯತೊಡಗಿದ ಮೇಲೆ ಲೋಟವನ್ನು ಅದರ ಮೇಲೆ ಬೋರಲಾಗಿ ಕವುಚಿ.

ಕೆಲವು ಕ್ಷಣ ಜ್ವಾಲೆ ಹಾಗೆಯೇ ಉರಿಯುತ್ತದೆ. ಬಳಿಕ ಮಂಕಾಗುತ್ತದೆ, ಕುಗ್ಗುತ್ತದೆ, ಆರಿಹೋಗುತ್ತದೆ. ಆಗ, ಯಾರೂ ಮುಟ್ಟದೆಯೇ, ತಟ್ಟೆಯ ನೀರು ಲೋಟದೊಳಕ್ಕೆ ನುಗ್ಗಿ ಮೇಲೇರಿ ನಿಲ್ಲುತ್ತದೆ. ನೋಡುತ್ತಿರುವ ಮಗು ಕೇಳುವ ಪ್ರಶ್ನೆ ಒಂದೇ: "ನೀರು ಯಾಕೆ ಮೇಲೆ ಹೋಯಿತು?"

ಈ ಪ್ರಶ್ನೆಗೆ ನಾವು ಕೊಡುವ ಉತ್ತರದಲ್ಲಿ ಒಂದು ನೈತಿಕ ಸಮಸ್ಯೆ ಅಡಗಿದೆ. ಈ ಲೇಖನ ಅದರ ಕುರಿತಾದದ್ದು.

ಕೈಗೆ ಸಿಕ್ಕ ಉತ್ತರ

ನಮ್ಮಲ್ಲಿ ಬಹುಮಂದಿ ಶಾಲೆಯಲ್ಲಿ ಕಲಿತ ಉತ್ತರ ಹೀಗಿದೆ. ಉರಿಯಲು ಆಮ್ಲಜನಕ ಬೇಕು. ಲೋಟದೊಳಗಿನ ಆಮ್ಲಜನಕವನ್ನೆಲ್ಲ ಜ್ವಾಲೆ ಬಳಸಿಕೊಂಡಿತು. ಅದು ಮುಗಿದಾಗ ಬತ್ತಿ ಆರಿತು. ಆಮ್ಲಜನಕವಿದ್ದ ಜಾಗ ಖಾಲಿಯಾಯಿತು. ಆ ಜಾಗವನ್ನು ತುಂಬಲು ನೀರು ಏರಿತು. ಇದಕ್ಕೆ ಲೆಕ್ಕದ ಬೆಂಬಲವೂ ಇದೆ. ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಶೇಕಡ 21, ಅಂದರೆ ಸುಮಾರು ಐದರಲ್ಲಿ ಒಂದು ಪಾಲು. ಲೋಟದೊಳಗೆ ನೀರು ಏರಿರುವುದೂ ಅನೇಕ ಸಲ ಹೆಚ್ಚುಕಡಿಮೆ ಅಷ್ಟೇ. ಇದಕ್ಕಿಂತ ಅಚ್ಚುಕಟ್ಟಾದ ಉತ್ತರ ಬೇಕೇ?

ಈ ಉತ್ತರದ ಮೂಲ ಬಹಳ ಹಳೆಯದು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಬೈಜಾಂಟಿಯಂನ ಫಿಲೋ ಎಂಬ ಗ್ರೀಕ್ ತಂತ್ರಜ್ಞ ಇಂಥದೇ ಪ್ರಯೋಗವನ್ನು ವಿವರಿಸಿ, ಉರಿಯು ಗಾಳಿಯ ಒಂದಂಶವನ್ನು ನಾಶಮಾಡುತ್ತದೆ, ಅದರಿಂದ ನೀರು ಏರುತ್ತದೆ ಎಂದು ಬಗೆದನು. ಅಲ್ಲಿಂದ ಇಲ್ಲಿಯವರೆಗೆ ಎಷ್ಟೋ ಪುಸ್ತಕಗಳಲ್ಲಿ, ಎಷ್ಟೋ ತರಗತಿಗಳಲ್ಲಿ ಇದು ಬೇರೆ ಬೇರೆ ಮಾತುಗಳಲ್ಲಿ ಮರುಕಳಿಸಿದೆ. ಉತ್ತರ ಸುಲಭ, ನೆನಪಿನಲ್ಲಿ ಉಳಿಯುತ್ತದೆ, ಲೆಕ್ಕಕ್ಕೂ ಕೂಡುತ್ತದೆ. ಆದರೆ ಮುಖ್ಯ ಕಾರಣ ಅದಲ್ಲ.

ಲೋಟವನ್ನೇ ಕೇಳೋಣ

ದೊಡ್ಡ ಪಂಡಿತರ ಮೊರೆಹೋಗದೆ ಆ ಲೋಟವನ್ನೇ ಮತ್ತೊಮ್ಮೆ ಕೇಳಬಹುದು. ಪ್ರಯೋಗವನ್ನು ಪುನಃ ಮಾಡಿ, ಈ ಸಲ ಜ್ವಾಲೆಯನ್ನು ಬಿಟ್ಟು ನೀರಿನ ಅಂಚನ್ನು ನೋಡಿ. ಉರಿಯು ಆಮ್ಲಜನಕವನ್ನು ಸ್ವಲ್ಪ ಸ್ವಲ್ಪವಾಗಿ ಬಳಸುವುದರಿಂದಲೇ ನೀರು ಏರುವುದಾದರೆ, ಜ್ವಾಲೆ ಉರಿಯುತ್ತಿರುವಷ್ಟು ಹೊತ್ತೂ ನೀರು ಒಂದೇ ಸಮನೆ ಏರುತ್ತಿರಬೇಕಿತ್ತು. ಹಾಗಾಗುವುದಿಲ್ಲ. ಬತ್ತಿ ಉರಿಯುವಾಗ ನೀರು ಹೆಚ್ಚಾಗಿ ಕದಲುವುದಿಲ್ಲ. ಮಂಕಾಗಿ ಆರುವ ಹೊತ್ತಿಗೆ ರಭಸದಿಂದ ಒಳನುಗ್ಗುತ್ತದೆ. ಮೊದಮೊದಲು ಲೋಟದ ಅಂಚಿನಿಂದ ಒಂದೆರಡು ಗುಳ್ಳೆಗಳು ಹೊರಬರುವುದನ್ನೂ ನೀವು ಕಾಣಬಹುದು. ಒಳಗೆ ಗಾಳಿ ಕಡಿಮೆಯಾಗುತ್ತಿದ್ದರೆ ಗುಳ್ಳೆ ಹೊರಗೇಕೆ ಬರುತ್ತದೆ?

ಈಗ ಒಂದರ ಬದಲು ಮೂರು ಬತ್ತಿಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಅದೇ ಲೋಟವನ್ನು ಕವುಚಿ. ನೀರು ಮೊದಲಿಗಿಂತ ಎತ್ತರಕ್ಕೆ ಏರುತ್ತದೆ. ಲೋಟ ಅದೇ, ಅದು ಹಿಡಿಯುವ ಆಮ್ಲಜನಕವೂ ಅಷ್ಟೇ. ಬತ್ತಿ ಮೂರಾದ ಮಾತ್ರಕ್ಕೆ ಆಮ್ಲಜನಕ ಹೆಚ್ಚಾಗುವುದಿಲ್ಲವಲ್ಲ!

ಕೊನೆಯದಾಗಿ, ಬತ್ತಿಯೇ ಇಲ್ಲದೆ ಮಾಡಿ ನೋಡಿ. ಲೋಟಕ್ಕೆ ಕೈ ತಾಳುವಷ್ಟು ಬಿಸಿಯಾದ ನೀರು ತುಂಬಿ ಒಂದೆರಡು ನಿಮಿಷ ಬಿಡಿ. ಆ ನೀರನ್ನು ಚೆಲ್ಲಿದ ಕೂಡಲೇ ಲೋಟವನ್ನು ತಟ್ಟೆಯ ತಣ್ಣೀರಿನ ಮೇಲೆ ಕವುಚಿ. ಲೋಟ ಆರುತ್ತಿದ್ದಂತೆ ನೀರು ನಿಧಾನವಾಗಿ ಒಳಗೆ ಏರುತ್ತದೆ. ಇಲ್ಲಿ ಬೆಂಕಿ ಇರಲಿಲ್ಲ, ಯಾವ ಆಮ್ಲಜನಕವೂ ಉರಿಯಲಿಲ್ಲ. ಆದರೂ ನೀರು ಏರಿತು.

ಹಾಗಾದರೆ ನಡೆಯುವುದೇನು? ಲೋಟವನ್ನು ಇಳಿಸುವಾಗ ಜ್ವಾಲೆಯ ಸುತ್ತಲಿನ ಗಾಳಿ ಕಾದು ಹಿಗ್ಗಿರುತ್ತದೆ. ಹಿಗ್ಗಿದ ಗಾಳಿಯ ಒಂದು ಭಾಗ ಹೊರಗೇ ಉಳಿಯುತ್ತದೆ ಅಥವಾ ಗುಳ್ಳೆಯಾಗಿ ಹೊರಬೀಳುತ್ತದೆ. ಬತ್ತಿ ಆರಿದಾಗ ಒಳಗೆ ಉಳಿದ ಗಾಳಿ ತಣ್ಣಗಾಗುತ್ತದೆ, ಅದರ ಒತ್ತಡ ಕುಗ್ಗುತ್ತದೆ. ಹೊರಗಿನ ಗಾಳಿಯ ಒತ್ತಡವಾದರೋ ಮೊದಲಿನಷ್ಟೇ ಇದೆ. ಅದು ತಟ್ಟೆಯ ನೀರನ್ನು ಅದುಮಿ ಲೋಟದೊಳಕ್ಕೆ ತಳ್ಳುತ್ತದೆ. ಆಮ್ಲಜನಕ ಬಳಕೆಯಾಗುವುದು ಸುಳ್ಳಲ್ಲ. ಆದರೆ ಅದರ ಜಾಗದಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹುಟ್ಟುತ್ತವೆ. ನೀರಾವಿ ತಣಿದು ಹನಿಯಾಗುವುದರಿಂದ ಒಳಗಿನ ಅನಿಲ ಸ್ವಲ್ಪ ಕಡಿಮೆಯಾಗುವುದೂ ಉಂಟು. ಅದು ಚಿಕ್ಕ ಪಾಲು ಮಾತ್ರ. ಅಲ್ಲದೆ ಆಮ್ಲಜನಕ ಪೂರ್ತಿ ಮುಗಿಯುವ ಮೊದಲೇ, ಇನ್ನೂ ಸಾಕಷ್ಟು ಉಳಿದಿರುವಾಗಲೇ, ಜ್ವಾಲೆ ಆರಿಹೋಗುತ್ತದೆ. ಐದರಲ್ಲೊಂದು ಪಾಲು ಎಂಬ ಲೆಕ್ಕ ಕೂಡಿಬಂದದ್ದು ಕಾಕತಾಳೀಯ. ಆ ಕಾಕತಾಳೀಯವೇ ನಮ್ಮನ್ನು ಇಷ್ಟು ಕಾಲ ತೃಪ್ತಿಪಡಿಸಿತು.

ಬೆಟ್ಟ ಹತ್ತಿದವರು, ಕೆಳಗೆ ಕುಳಿತವರು

ಗಾಳಿಗೆ ತೂಕವಿದೆ, ಅದು ಎಲ್ಲವನ್ನೂ ಅದುಮುತ್ತದೆ ಎಂಬುದು ಇಂದು ಶಾಲೆಯ ಮಗುವಿಗೂ ಗೊತ್ತು. ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋಗ್ರಾಂ ತೂಕದಷ್ಟು ಒತ್ತಡವಿದೆ. ನಮ್ಮ ಅಂಗೈಯ ಮೇಲೆ ನೂರು ಕಿಲೋಗ್ರಾಂಗೂ ಮಿಕ್ಕಿದ ಭಾರ ಬಿದ್ದಂತಾಯಿತು. ಅಂಗೈಯ ಕೆಳಗಿನಿಂದಲೂ ಅಷ್ಟೇ ಒತ್ತಡ ಇರುವುದರಿಂದ ನಮಗದು ಅರಿವಾಗುವುದಿಲ್ಲ. ಆದರೆ ಈ ಸರಳ ಸತ್ಯ ಮನುಷ್ಯನ ಕೈಗೆ ಸುಲಭವಾಗಿ ಸಿಕ್ಕಿದ್ದಲ್ಲ. ಅದರ ದಾರಿಯಲ್ಲಿಯೂ ಸರಿಹೊಂದುವ ಉತ್ತರವೊಂದು ಶತಮಾನಗಳ ಕಾಲ ಅಡ್ಡ ನಿಂತಿತ್ತು.

"ಪ್ರಕೃತಿಯು ಶೂನ್ಯವನ್ನು ಸಹಿಸದು" ಎಂಬ ಸೂತ್ರ ಗುರುಮಠದಲ್ಲಿ ತತ್ವಶಾಸ್ತ್ರ ಓದಿದವರಿಗೆಲ್ಲ ಪರಿಚಿತ. ಪಂಪಿನ ಕೊಳವೆಯಲ್ಲಿ ನೀರೇಕೆ ಏರುತ್ತದೆ? ಪ್ರಕೃತಿ ಶೂನ್ಯವನ್ನು ಸಹಿಸದು, ಆದ್ದರಿಂದ. ಒಂದರ ಮೇಲೊಂದು ಒತ್ತಿದ ಎರಡು ನುಣುಪು ಕಲ್ಲುಗಳನ್ನು ಬಿಡಿಸುವುದೇಕೆ ಕಷ್ಟ? ಪ್ರಕೃತಿ ಶೂನ್ಯವನ್ನು ಸಹಿಸದು. ಏನೇ ಕೇಳಿದರೂ ಇದೇ ಉತ್ತರ ಹೊಂದುತ್ತಿತ್ತು. ಆದರೆ ಹೀರುವ ಪಂಪುಗಳು ಸುಮಾರು ಹತ್ತು ಮೀಟರಿಗಿಂತ ಮೇಲಕ್ಕೆ ನೀರನ್ನು ಎತ್ತುತ್ತಿರಲಿಲ್ಲ. ನಮ್ಮ ರೈತರಿಗೂ ಈ ಮಿತಿ ಗೊತ್ತು. ತೆರೆದ ಬಾವಿಯಲ್ಲಿ ನೀರು ಆಳಕ್ಕೆ ಇಳಿದಂತೆ ಪಂಪನ್ನೂ ಬಾವಿಯೊಳಕ್ಕೆ ಇಳಿಸಿ ಕೂರಿಸುವುದು ಇದೇ ಕಾರಣಕ್ಕೆ. ಪ್ರಕೃತಿಯ ಅಸಹನೆ ಹತ್ತು ಮೀಟರಿಗೆ ಮುಗಿದುಹೋಗುವುದೇ? 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಗೆಲಿಲಿಯೋ ಈ ಮಿತಿಯನ್ನು ಚರ್ಚಿಸಿ, ತನ್ನ ಭಾರಕ್ಕೆ ತಾನೇ ತುಂಡಾಗುವ ಹಗ್ಗದಂತೆ ನೀರಿನ ಕಂಬವೂ ತುಂಡಾಗುತ್ತದೆ ಎಂದನು. ಮಹಾಮೇಧಾವಿಯ ಈ ಉತ್ತರವೂ ಕೇಳಲು ಚೆನ್ನಾಗಿತ್ತು, ನಿಜವಾಗಿರಲಿಲ್ಲ.

ಗೆಲಿಲಿಯೋವಿನ ಕೊನೆಯ ತಿಂಗಳುಗಳಲ್ಲಿ ಅವನ ಜೊತೆಗಿದ್ದ ಟಾರಿಚೆಲ್ಲಿ, ನೀರಿಗಿಂತ ಬಹಳ ಭಾರವಾದ ಪಾದರಸವನ್ನು ಗಾಜಿನ ಕೊಳವೆಯಲ್ಲಿ ತುಂಬಿ ಬೋರಲಾಗಿ ನಿಲ್ಲಿಸುವ ಉಪಾಯವನ್ನು ಕಂಡುಕೊಂಡನು. ಪಾದರಸ ಸುಮಾರು 76 ಸೆಂಟಿಮೀಟರ್ ಎತ್ತರಕ್ಕೆ ಇಳಿದು ನಿಂತಿತು. 1644ರಲ್ಲಿ ರೋಮಿನ ಮಿತ್ರ ಮೈಕೆಲೇಂಜೆಲೊ ರಿಚ್ಚಿಗೆ (ಇವರು ಮುಂದೆ ಕಾರ್ಡಿನಲ್ ಆದರು) ಬರೆದ ಪತ್ರದಲ್ಲಿ, ನಾವು ಗಾಳಿಯ ಕಡಲಿನ ತಳದಲ್ಲಿ ಬಾಳುತ್ತಿದ್ದೇವೆ, ಆ ಗಾಳಿಯ ಭಾರವೇ ಪಾದರಸವನ್ನು ಎತ್ತಿ ಹಿಡಿದಿದೆ ಎಂಬ ವಿಚಾರವನ್ನು ಅವನು ಮುಂದಿಟ್ಟನು.

ಈಗ ಒಂದೇ ಸಂಗತಿಗೆ ಎರಡು ಉತ್ತರಗಳು ಎದುರುಬದುರಾದವು. ಎರಡೂ ಸರಿಹೊಂದುತ್ತಿದ್ದವು. ಆಯ್ಕೆ ಹೇಗೆ? ಫ್ರಾನ್ಸ್ ದೇಶದ ಬ್ಲೇಸ್ ಪಾಸ್ಕಲ್ ಇಲ್ಲಿ ತನ್ನ ವಿವೇಕವನ್ನು ತೋರಿಸಿದನು. ತನಗೆ ಒಪ್ಪಿಗೆಯಾದ ಉತ್ತರಕ್ಕೆ ಇನ್ನೊಂದು ಉದಾಹರಣೆ ಹುಡುಕುವುದನ್ನು ಬಿಟ್ಟು, ಎರಡು ಉತ್ತರಗಳು ಎಲ್ಲಿ ಬೇರೆಯಾಗುತ್ತವೆ ಎಂದು ಯೋಚಿಸಿದನು. ಗಾಳಿಯ ಭಾರ ಕಾರಣವಾದರೆ, ಬೆಟ್ಟದ ಮೇಲೆ ಗಾಳಿ ಕಡಿಮೆ, ಅಲ್ಲಿ ಪಾದರಸ ತಗ್ಗಬೇಕು. ಶೂನ್ಯದ ಅಸಹನೆ ಕಾರಣವಾದರೆ, ಪ್ರಕೃತಿಗೆ ಬೆಟ್ಟದ ಬುಡದಲ್ಲಿ ಹೆಚ್ಚು ಅಸಹನೆ, ತುದಿಯಲ್ಲಿ ಕಡಿಮೆ ಅಸಹನೆ ಎಂದು ಹೇಳಲಾದೀತೇ? ಈ ಪರೀಕ್ಷೆಯನ್ನು ನಡೆಸಿಕೊಡುವಂತೆ 1647ರ ನವೆಂಬರಿನಲ್ಲಿ ತನ್ನ ಅಕ್ಕನ ಗಂಡ ಫ್ಲೋರಿನ್ ಪೆರಿಯೆಗೆ ಪತ್ರ ಬರೆದನು.

1648ರ ಸೆಪ್ಟೆಂಬರ್ 19ರಂದು ಬೆಳಿಗ್ಗೆ ಕ್ಲೆರ್ಮಾಂ ಪಟ್ಟಣದ ಮಿನಿಮ್ ಸನ್ಯಾಸಿಗಳ ಮಠದ ತೋಟದಲ್ಲಿ ಕೆಲವು ಧರ್ಮಗುರುಗಳೂ ಗೃಹಸ್ಥರೂ ಕೂಡಿದರು. ಎರಡು ಕೊಳವೆಗಳಲ್ಲಿ ಪಾದರಸ ತುಂಬಿ ನಿಲ್ಲಿಸಿದಾಗ ಎರಡೂ ಒಂದೇ ಮಟ್ಟ ತೋರಿದವು, ಇಂದಿನ ಅಳತೆಯಲ್ಲಿ ಸುಮಾರು 71 ಸೆಂಟಿಮೀಟರ್. ಒಂದನ್ನು ಅಲ್ಲಿಯೇ ಬಿಟ್ಟು, ಇನ್ನೊಂದರ ಸಾಮಗ್ರಿಯೊಂದಿಗೆ ಪೆರಿಯೆ ಮತ್ತು ಸಂಗಡಿಗರು 1465 ಮೀಟರ್ ಎತ್ತರದ ಪ್ಯುಯಿ ದ ಡೋಮ್ ಬೆಟ್ಟವನ್ನೇರಿದರು. ಶಿಖರದಲ್ಲಿ ಪಾದರಸ ಸುಮಾರು ಎಂಟೂವರೆ ಸೆಂಟಿಮೀಟರ್ ಕೆಳಗಿಳಿದಿತ್ತು. ಅವರು ಅಷ್ಟಕ್ಕೆ ತೃಪ್ತರಾಗಲಿಲ್ಲ. ಶಿಖರದ ಬೇರೆ ಬೇರೆ ಕಡೆ, ಬಯಲಿನಲ್ಲಿ, ಮರೆಯಲ್ಲಿ, ಅಲ್ಲಿದ್ದ ಪ್ರಾರ್ಥನಾಲಯದಲ್ಲಿ, ಒಟ್ಟು ಐದು ಸಲ ಅಳೆದರು. ಪ್ರತಿ ಸಲವೂ ಅದೇ ಫಲಿತಾಂಶ.

ಮಂಗಳೂರಿನಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಘಟ್ಟ ಹತ್ತಿ ಮಡಿಕೇರಿ ತಲುಪುವಷ್ಟರಲ್ಲಿ ಉಬ್ಬಿರುವುದನ್ನು ನಿಮ್ಮ ಮಕ್ಕಳು ಕಂಡಿರಬಹುದು. ಹೊರಗಿನ ಗಾಳಿಯ ಒತ್ತಡ ಅಲ್ಲಿ ಕಡಿಮೆ. ಪೊಟ್ಟಣದೊಳಗಿನ ಅನಿಲ ಹಿಗ್ಗುತ್ತದೆ. ಅಂದು ಬೆಟ್ಟದ ಮೇಲೆ ಪಾದರಸ ಹೇಳಿದ್ದೂ ಇದನ್ನೇ.

ಈ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯನಾದ ವ್ಯಕ್ತಿ ಪಾಸ್ಕಲನೂ ಅಲ್ಲ, ಪೆರಿಯೆಯೂ ಅಲ್ಲ. ಕೆಳಗೆ ಮಠದ ತೋಟದಲ್ಲಿ ಉಳಿದ ಇನ್ನೊಂದು ಕೊಳವೆಯನ್ನು ದಿನವಿಡೀ ನೋಡುತ್ತಿರಲು ಒಬ್ಬ ಸನ್ಯಾಸಿಯನ್ನು ಕೇಳಿಕೊಳ್ಳಲಾಗಿತ್ತು. ಅವರ ಹೆಸರು ಫಾದರ್ ಶಾಸ್ಟಿನ್. ಉಳಿದವರು ಬೆಟ್ಟ ಹತ್ತಿ ಸೋಜಿಗ ಕಾಣುತ್ತಿದ್ದಾಗ ಇವರು ಕದಲದ ಪಾದರಸವನ್ನು ನೋಡುತ್ತ ಕುಳಿತಿದ್ದರು. ಅಂದು ಬಿಸಿಲು, ಮಳೆ, ಮಂಜು, ಗಾಳಿ ಎಲ್ಲವೂ ಸರದಿಯಂತೆ ಬಂದುಹೋದವು. ಸಂಜೆ ಅವರು ಕೊಟ್ಟ ವರದಿ ಇಷ್ಟೇ: ಇಡೀ ದಿನ ಏನೂ ಬದಲಾಗಲಿಲ್ಲ. ಆ ವರದಿ ಇಲ್ಲದಿದ್ದರೆ, ಪಾದರಸ ಇಳಿದದ್ದು ಹವೆ ಬದಲಾದ್ದರಿಂದ ಎಂದು ಯಾರಾದರೂ ಹೇಳಬಹುದಿತ್ತು. ಬೆಟ್ಟ ಹತ್ತಿದ ಶ್ರಮವೆಲ್ಲ ವ್ಯರ್ಥವಾಗುತ್ತಿತ್ತು. ಸತ್ಯಕ್ಕೆ ಬೆಟ್ಟ ಹತ್ತುವ ಧೈರ್ಯ ಎಷ್ಟು ಬೇಕೋ, ಏನೂ ನಡೆಯದ ಕಡೆ ಕುಳಿತು ಕಂಡದ್ದನ್ನು ಕಂಡಂತೆ ಹೇಳುವ ತಾಳ್ಮೆಯೂ ಅಷ್ಟೇ ಬೇಕು.

ಸುಳ್ಳಲ್ಲದ ಅಸತ್ಯ

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಆಮ್ಲಜನಕದ ಉತ್ತರವನ್ನು ಮಗುವಿಗೆ ಹೇಳಿದ ತಂದೆತಾಯಿ ಸುಳ್ಳು ಹೇಳಿದರೇ? ಖಂಡಿತ ಇಲ್ಲ. ಸುಳ್ಳಿನ ಬಗ್ಗೆ ಗ್ರಂಥವನ್ನೇ ಬರೆದ ಸಂತ ಅಗಸ್ಟಿನ್ನರು ಈ ಭೇದವನ್ನು ಸ್ಪಷ್ಟಪಡಿಸಿದ್ದಾರೆ. ಮನಸ್ಸಿನಲ್ಲಿ ಒಂದಿಟ್ಟುಕೊಂಡು ಬಾಯಲ್ಲಿ ಇನ್ನೊಂದು ಹೇಳಿ ಮೋಸಗೊಳಿಸುವವನು ಸುಳ್ಳುಗಾರ. ನಿಜವೆಂದು ನಂಬಿ ತಪ್ಪನ್ನು ಹೇಳಿದವನು ಸುಳ್ಳುಗಾರನಲ್ಲ. ಆದರೆ ಅಗಸ್ಟಿನ್ನರು ಅಲ್ಲಿಗೆ ನಿಲ್ಲಿಸುವುದಿಲ್ಲ. ಅಂಥವನು ಸುಳ್ಳಿನಿಂದ ಮುಕ್ತನಾದರೂ, ತಿಳಿಯದ್ದನ್ನು ತಿಳಿದಿದೆ ಎಂದು ಭಾವಿಸಿದ ದುಡುಕಿನಿಂದ ಮುಕ್ತನೆನ್ನಲಾಗದು ಎಂಬುದು ಅವರ ವಿಚಾರ.

ಸತ್ಯವಂತಿಕೆ ಎಂದರೆ ಸುಳ್ಳು ಹೇಳದಿರುವುದು ಎಂದೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಅದು ಸತ್ಯವಂತಿಕೆಯ ಹೊಸ್ತಿಲು ಮಾತ್ರ. ನಮಗೆ ಎಷ್ಟು ಗೊತ್ತಿದೆ, ಎಲ್ಲಿಂದ ಗೊತ್ತಿಲ್ಲ ಎಂಬ ಗೆರೆಯನ್ನು ಪ್ರಾಮಾಣಿಕವಾಗಿ ಎಳೆದುಕೊಳ್ಳುವುದೂ ಅದರಲ್ಲಿ ಸೇರಿದೆ.

"ಮಗುವಿಗೆ ಇಷ್ಟೆಲ್ಲ ಏಕೆ ಸ್ವಾಮಿ, ಅದಕ್ಕೆ ಅರ್ಥವಾಗುವಷ್ಟು ಹೇಳಿದರೆ ಸಾಲದೇ?" ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಮಾತು. ಆದರೆ ಸರಳವಾಗಿ ಹೇಳುವುದು ಬೇರೆ, ತಪ್ಪಾಗಿ ಹೇಳುವುದು ಬೇರೆ. "ಬಿಸಿಯಾದಾಗ ಗಾಳಿ ಹಿಗ್ಗಿತು, ತಣಿದಾಗ ಕುಗ್ಗಿತು, ಹೊರಗಿನ ಗಾಳಿ ನೀರನ್ನು ಒಳಕ್ಕೆ ತಳ್ಳಿತು." ಇದನ್ನು ಎಂಟು ವರ್ಷದ ಮಗು ತಿಳಿದುಕೊಳ್ಳಬಲ್ಲದು. ಇದೂ ಗೊತ್ತಿಲ್ಲದವರು "ನನಗೆ ಗೊತ್ತಿಲ್ಲ, ಬಾ ನೋಡೋಣ" ಎನ್ನಬಹುದು. ಈ ಮಾತಿನಿಂದ ತಂದೆತಾಯಿಯ ಗೌರವ ಕುಂದುವುದಿಲ್ಲ. ದೊಡ್ಡವರಿಗೂ ಗೊತ್ತಿಲ್ಲದ್ದು ಇರುತ್ತದೆ, ಗೊತ್ತಿಲ್ಲ ಎನ್ನಲು ನಾಚಬೇಕಿಲ್ಲ ಎಂದು ಕಲಿತ ಮಗು, ಮುಂದೆ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ನಟಿಸುವುದಿಲ್ಲ.

ಧರ್ಮೋಪದೇಶ ಮಾಡುವ ನಮಗೂ ಇಲ್ಲಿ ಒಂದು ಎಚ್ಚರಿಕೆ ಇದೆ. "ಗಾಳಿ ಕಣ್ಣಿಗೆ ಕಾಣದು, ಆದರೂ ಇದೆ, ದೇವರೂ ಹಾಗೆಯೇ" ಎಂದು ಈ ಪ್ರಯೋಗವನ್ನು ದೇವರ ಇರುವಿಕೆಗೆ ಪ್ರಮಾಣವಾಗಿ ಬಳಸುವ ಆಸೆ ಸಹಜ. ಹೋಲಿಕೆಯಾಗಿ ಅದಕ್ಕೆ ಬೆಲೆಯುಂಟು, ಪ್ರಮಾಣವಾಗಿ ಇಲ್ಲ. ಗಾಳಿಯನ್ನು ತೂಗಬಹುದು, ಅಳೆಯಬಹುದು. ಬೆಟ್ಟದ ಮೇಲೆ ಅದು ಕಡಿಮೆಯಾಗುತ್ತದೆ. ದೇವರು ಅಂಥ ಒಂದು ವಸ್ತುವಲ್ಲ. ಹತ್ತು ವರ್ಷದಲ್ಲಿ ಈ ವಾದವನ್ನು ಒಪ್ಪಿದ ಹುಡುಗ ಹದಿನೆಂಟರಲ್ಲಿ ಅದರ ದೌರ್ಬಲ್ಯವನ್ನು ಕಂಡುಕೊಳ್ಳುತ್ತಾನೆ. ಆಗ ವಾದದ ಜೊತೆಗೆ ವಿಶ್ವಾಸವನ್ನೂ ಬಿಟ್ಟರೆ, ಆ ದೋಷ ಅವನದು ಮಾತ್ರವೇ? ಒಳ್ಳೆಯ ಉದ್ದೇಶಕ್ಕೂ ದುರ್ಬಲ ವಾದದ ಊರುಗೋಲು ಕೊಡಬಾರದು.

ಮನೆಯೊಳಗಿನ ಐದರಲ್ಲೊಂದು ಪಾಲು

ಲೋಟದ ವಿಷಯದಲ್ಲಿ ತಪ್ಪು ಉತ್ತರ ಕೊಟ್ಟರೆ ಯಾರಿಗೂ ನೋವಾಗುವುದಿಲ್ಲ. ಮೇಣದಬತ್ತಿಗೆ ಮಾನವಿಲ್ಲ, ನೀರಿಗೆ ಕಣ್ಣೀರಿಲ್ಲ. ಆದರೆ ಸರಿಹೊಂದಿದ ಮೊದಲ ಉತ್ತರವನ್ನೇ ಸತ್ಯವೆಂದು ಹಿಡಿಯುವ ಮನಸ್ಸು ಲೋಟದ ಬಳಿ ಒಂದು, ಮನುಷ್ಯರ ಬಳಿ ಇನ್ನೊಂದು ಎಂದು ಎರಡಾಗಿಲ್ಲ. ಅದೇ ಮನಸ್ಸನ್ನು ನಾವು ಎಲ್ಲ ಕಡೆಗೂ ಕೊಂಡೊಯ್ಯುತ್ತೇವೆ.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮನೆಯಾಕೆಯ ಉಂಗುರ ಕಾಣೆಯಾಗಿದೆ. ಸೋಮವಾರ ಇತ್ತು, ಬುಧವಾರ ಇಲ್ಲ. ಮನೆಗೆಲಸಕ್ಕೆ ಬರುವ ಹೆಣ್ಣುಮಗಳು ಮಂಗಳವಾರ ಕೋಣೆ ಗುಡಿಸಿದ್ದಾಳೆ, ಬುಧವಾರ ಹೇಳದೆ ರಜೆ ಹಾಕಿದ್ದಾಳೆ. ಹಿಂದಿನ ವಾರವಷ್ಟೇ ಮಗನ ಶಾಲಾ ಶುಲ್ಕಕ್ಕೆಂದು ಮುಂಗಡ ಕೇಳಿದ್ದಳು. ಎಲ್ಲವೂ ಎಷ್ಟು ಚೆನ್ನಾಗಿ ಹೊಂದುತ್ತದೆ! ಐದರಲ್ಲೊಂದು ಪಾಲಿನ ಲೆಕ್ಕದ ಹಾಗೆಯೇ. ಯಾರೂ ದೂರು ಕೊಡುವುದಿಲ್ಲ. "ನಾಳೆಯಿಂದ ಬರಬೇಡಮ್ಮ" ಎನ್ನುತ್ತಾರೆ. ಪಕ್ಕದ ಎರಡು ಮನೆಗಳಿಗೆ ಕಿವಿಮಾತು ಹೋಗುತ್ತದೆ. ಅಲ್ಲಿಯೂ ಅವಳ ಕೆಲಸ ಹೋಗುತ್ತದೆ. ಮೂರು ತಿಂಗಳ ಬಳಿಕ ಉಂಗುರ ಅಕ್ಕಿ ಡಬ್ಬಿಯ ತಳದಲ್ಲಿ ಸಿಕ್ಕರೆ? ಉಂಗುರವನ್ನು ಬೆರಳಿಗೆ ಮರಳಿ ತೊಡಿಸಬಹುದು. ಆ ಹೆಣ್ಣುಮಗಳ ಹೆಸರನ್ನು ಆ ಬೀದಿಗೆ ಮರಳಿ ತರುವವರು ಯಾರು?

ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಿ. ಪ್ರತಿ ಸಂಗತಿಯೂ ನಿಜ. ಅವುಗಳನ್ನು ಪೋಣಿಸಿದ ದಾರ ಮಾತ್ರ ಊಹೆ. ಕೆಥೋಲಿಕ ಧರ್ಮಸಭೆ 1992ರಲ್ಲಿ ಪ್ರಕಟಿಸಿದ ಧರ್ಮೋಪದೇಶ ಗ್ರಂಥವು, "ಸುಳ್ಳು ಸಾಕ್ಷಿ ಹೇಳಬೇಡ" ಎಂಬ ಎಂಟನೆಯ ಆಜ್ಞೆಯ ವಿವರಣೆಯಲ್ಲಿ ಇದನ್ನೂ ಸೇರಿಸುತ್ತದೆ. ಸಾಕಷ್ಟು ಆಧಾರವಿಲ್ಲದೆ ನೆರೆಯವನ ನೈತಿಕ ದೋಷವನ್ನು ನಿಜವೆಂದು ಒಪ್ಪಿಕೊಳ್ಳುವುದು ದುಡುಕಿನ ತೀರ್ಪು. ಅದನ್ನು ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲೇ ಒಪ್ಪಿಕೊಂಡರೂ ಅದು ತಪ್ಪೇ.

ಇದಕ್ಕಿಂತ ಸಣ್ಣ ನಿದರ್ಶನಗಳು ದಿನವೂ ನಡೆಯುತ್ತವೆ. ಮಗನ ಅಂಕಗಳು ಇಳಿದಿವೆ, ಕೈಯಲ್ಲಿ ಮೊಬೈಲ್ ಇದೆ, ತೀರ್ಮಾನ ಸಿದ್ಧ. ಕರಿಹಲಗೆಯ ಅಕ್ಷರ ಅವನಿಗೆ ಕಾಣುತ್ತಿದೆಯೇ ಎಂದು ಯಾರು ಕೇಳಿದರು? ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಗಳು ಬಲಿಪೂಜೆ ಮುಗಿದ ಕೂಡಲೇ ಯಾರೊಡನೆಯೂ ಮಾತಾಡದೆ ಹೊರಟುಹೋಗುತ್ತಾಳೆ. ಅಹಂಕಾರ ಎಂಬ ಉತ್ತರ ಸಿದ್ಧ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಗೆ ಮಾತ್ರೆ ಕೊಡುವ ಹೊತ್ತಾಗಿರಬಹುದೇ?

ಪಾಸ್ಕಲ್ ಕಲಿಸುವ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಾವು ಸಾಮಾನ್ಯವಾಗಿ ಕೇಳಿಕೊಳ್ಳುವ ಪ್ರಶ್ನೆ, "ನನ್ನ ಉತ್ತರಕ್ಕೆ ಇದು ಹೊಂದುತ್ತದೆಯೇ?" ಎಂಬುದು. ಹೊಂದುವ ಸಂಗತಿಗಳು ಹುಡುಕಿದಷ್ಟೂ ಸಿಗುತ್ತವೆ. ಕೇಳಿಕೊಳ್ಳಬೇಕಾದದ್ದು, "ನನ್ನ ಉತ್ತರ ತಪ್ಪಾಗಿದ್ದರೆ ಏನು ಕಾಣಬೇಕು? ಅದನ್ನು ನೋಡಿದ್ದೇನೆಯೇ?" ಎಂಬ ಪ್ರಶ್ನೆ.

ವಸ್ತುವನ್ನು ಪರೀಕ್ಷಿಸುತ್ತೇವೆ, ವ್ಯಕ್ತಿಯನ್ನು ಕೇಳುತ್ತೇವೆ

ಆದರೆ ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯಿದೆ, ಅದನ್ನು ಮರೆಮಾಚಬಾರದು. ಮನುಷ್ಯರು ಮೇಣದಬತ್ತಿಗಳಲ್ಲ. ಗಂಡ ಹೆಂಡತಿಯನ್ನು, ತಾಯಿ ಮಗನನ್ನು, ಯಜಮಾನ ಆಳನ್ನು ಪ್ರಯೋಗಕ್ಕೆ ಒಡ್ಡುತ್ತ ಹೋದರೆ ಮನೆ ಮನೆಯಾಗಿ ಉಳಿಯದು. ಬೇಕೆಂದೇ ಮೇಜಿನ ಮೇಲೆ ಹಣ ಬಿಟ್ಟು ಮರೆಯಲ್ಲಿ ನಿಂತು ನೋಡುವವನು ಸತ್ಯಶೋಧಕನಲ್ಲ, ಬೇಹುಗಾರ. ಎಲ್ಲವನ್ನೂ ಸಂಶಯಿಸುವುದು ಸತ್ಯಪ್ರೇಮವೂ ಅಲ್ಲ. ಸಾಕಷ್ಟು ಪ್ರಮಾಣ ಸಿಕ್ಕಿದಾಗ ಪಾಸ್ಕಲ್ ಹಳೆಯ ಅಭಿಪ್ರಾಯವನ್ನು ಬಿಟ್ಟುಕೊಟ್ಟನು. ಎಲ್ಲರೂ ಒಪ್ಪಿದ್ದ ಮತದಿಂದ ದೂರವಾಗುವಾಗ ತನಗೆ ವಿಷಾದವಿದೆ, ಆದರೂ ಸತ್ಯದ ಬಲಕ್ಕೆ ಮಣಿಯುತ್ತಿದ್ದೇನೆ ಎಂಬ ಭಾವವನ್ನು ಬರೆದಿಟ್ಟನು. ಸತ್ಯವನ್ನು ಪ್ರೀತಿಸುವವನು ಒಂದು ಕಡೆ ನಿಲ್ಲಲೂ ಬಲ್ಲನು.

ಹಾಗಾದರೆ ವ್ಯಕ್ತಿಗಳ ವಿಷಯದಲ್ಲಿ ದಾರಿ ಯಾವುದು? ವಸ್ತುವಿಗೆ ಬಾಯಿಲ್ಲ, ಆದ್ದರಿಂದ ಅದನ್ನು ಪರೀಕ್ಷಿಸುತ್ತೇವೆ. ವ್ಯಕ್ತಿಗೆ ಬಾಯಿದೆ, ಆದ್ದರಿಂದ ಅವರನ್ನು ಕೇಳಬಹುದು. ಲೊಯೋಲದ ಸಂತ ಇಗ್ನೇಷಿಯಸರು ತಮ್ಮ ಆಧ್ಯಾತ್ಮಿಕ ಅಭ್ಯಾಸಗಳ ಆರಂಭದಲ್ಲೇ ಇಂಥ ಒಂದು ನಿಯಮವನ್ನು ಇಟ್ಟಿದ್ದಾರೆ: ನೆರೆಯವನ ಮಾತನ್ನು ಖಂಡಿಸುವುದಕ್ಕಿಂತ ಅದಕ್ಕೆ ಒಳ್ಳೆಯ ಅರ್ಥ ಕೊಡಲು ಸಿದ್ಧರಾಗಿರಬೇಕು; ಹಾಗೆ ಅರ್ಥೈಸಲು ಆಗದಿದ್ದರೆ, ಯಾವ ಅರ್ಥದಲ್ಲಿ ಹೇಳಿದಿರಿ ಎಂದು ಅವನನ್ನೇ ಕೇಳಬೇಕು. ಪರೀಕ್ಷೆಗೆ ಒಳಗಾಗಬೇಕಾದದ್ದು ಆ ವ್ಯಕ್ತಿಯ ಬಗ್ಗೆ ನಾನು ಕಟ್ಟಿಕೊಂಡ ಉತ್ತರ. "ನಿನ್ನೆ ಏಕಮ್ಮ ಬರಲಿಲ್ಲ? ಮಗನಿಗೆ ಹುಷಾರಿಲ್ಲವೇ?" ಎಂಬ ಒಂದು ಪ್ರಶ್ನೆ ಒಬ್ಬಳ ಕೆಲಸವನ್ನು, ಮಾನವನ್ನು ಉಳಿಸಬಲ್ಲದು. ಕೇಳಿದ ಮೇಲೂ ಸ್ಪಷ್ಟವಾಗದಿದ್ದರೆ, ಫಾದರ್ ಶಾಸ್ಟಿನರಂತೆ ಸ್ವಲ್ಪ ಹೊತ್ತು ಕುಳಿತು ನೋಡುವ ತಾಳ್ಮೆ ಇರಲಿ. ತೀರ್ಪು ತಡವಾದರೆ ಉಂಗುರವೊಂದು ಹೋದೀತು. ತೀರ್ಪು ದುಡುಕಿದರೆ ಮನುಷ್ಯಳೊಬ್ಬಳು ಹೋಗುತ್ತಾಳೆ.

ಪ್ರಿಯರೇ, ಈ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ತಟ್ಟೆ, ಲೋಟ, ಮೇಣದಬತ್ತಿಯೊಂದಿಗೆ ಮಕ್ಕಳ ಜೊತೆ ಕುಳಿತುಕೊಳ್ಳಿ. ಉತ್ತರವನ್ನು ನೀವಾಗಿ ಹೇಳಬೇಡಿ. ಅವರು ಏನೆನ್ನುತ್ತಾರೋ ಕೇಳಿ. ಬಹುಶಃ ಆಮ್ಲಜನಕ ಎಂದೇ ಹೇಳುವರು. "ಇರಬಹುದು ಮಗು. ಅದು ತಪ್ಪಾಗಿದ್ದರೆ ನಮಗೆ ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿ, ಇನ್ನೆರಡು ಬತ್ತಿಗಳನ್ನು ಅವರ ಕೈಗೆ ಕೊಡಿ. ಈ ಪ್ರಶ್ನೆಯನ್ನು ಲೋಟದ ಮುಂದೆ ಕಲಿತ ಮಗು, ಮುಂದೊಂದು ದಿನ ಯಾರ ಮೇಲಾದರೂ ಬೆರಳು ತೋರಿಸುವ ಮೊದಲು ಅದನ್ನು ನೆನೆದರೆ, ಆ ಮಧ್ಯಾಹ್ನ ಸಾರ್ಥಕ.